ದಾಡಿಯ ಬ್ರಶ್ಶು ಮತ್ತು ಉಗುರುಬೆಚ್ಚಗಿನ ನೀರು

ನೌಕರಿಯವರಿಗೆ ನಿವೃತ್ತಿಗೆ ಅಂತ ಒಂದು ದಿನ ಇರುತ್ತದೆ. ಅವತ್ತು ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಕಟಿಂಗ್ ಅಂಗಡಿಯವನಿಗೆ ಅಂಥ ದಿನ ಇಲ್ಲ. ಕೈ ಯಾವಾಗ ಸಾಕು ಅನ್ನುತ್ತದೋ ಆವಾಗ ಬಿಡುವುದು. ನನ್ನ ಕೈ ಸಾಕು ಅಂದು ಬಹಳ ಕಾಲ ಆಗಿಲ್ಲ. ವಾಡಿಯ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಅಂಗಡಿಯನ್ನು ಈಗ ತಂಗಿಯ ಮಗ ರಾಜು ನಡೆಸುತ್ತಾನೆ. ನಾನು ಬೆಳಿಗ್ಗೆ ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತೇನೆ. ಬಿಸಿಲು ಏರಿದ ಮೇಲೆ ಮನೆಗೆ ಬಂದು ಮಲಗುತ್ತೇನೆ. ನಿಂತು ನಿಂತು ಕಾಲಿನ ನರ ಉಬ್ಬಿವೆ, ಬಗ್ಗಿ ಬಗ್ಗಿ ಸೊಂಟ ಹೋಗಿದೆ. ಈ ಕೆಲಸಕ್ಕೆ ಬರುವವರಿಗೆ ಮೊದಲು ಇದನ್ನೇ ಹೇಳಬೇಕು, ಆದರೆ ಯಾರೂ ಹೇಳುವುದಿಲ್ಲ.

ರಾಜುವಿನ ಹತ್ತಿರ ಹೊಸಬರು ಬರುತ್ತಾರೆ, ಹೋಗುತ್ತಾರೆ. ಚಿತ್ತಾಪುರದವರು, ಸೇಡಂ ಕಡೆಯವರು. ಫೋನಿನಲ್ಲಿ ನೋಡಿ ಕಲಿತವರು. ಕೂದಲು ಕತ್ತರಿಸುವುದರಲ್ಲಿ ನನಗಿಂತ ಜಾಣರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾಡಿಗೆ ಕೂತವನ ಮುಖಕ್ಕೆ ನೀರು ಹಚ್ಚುವಾಗ ನೀರು ಹೇಗಿದೆ ಅಂತ ನೋಡುವುದೇ ಇಲ್ಲ. ನಾನು ಕುರ್ಚಿಯಲ್ಲಿ ಕೂತು ಗೊಣಗುತ್ತೇನೆ. ಗೊಣಗುವುದೊಂದೇ ನನಗೆ ಬರುವ ಪೆನ್ಶನ್.

"ಮಾಮಾ, ದಿನಾ ಕುಂತು ವಟವಟ ಅನ್ನೋದಕ್ಕಿಂತ ಒಮ್ಮೆ ಬರದು ಕೊಟ್ಟುಬಿಡು. ಇವರೂ ಓದ್ತಾರ, ನನ್ನ ತಲಿನೂ ತಣ್ಣಗ ಆಗ್ತದ" ಅಂದ ರಾಜು. ಅದಕ್ಕೆ ಬರೆಯುತ್ತಿದ್ದೇನೆ. ಓದುತ್ತಾರೆ ಅನ್ನುವ ನಂಬಿಕೆ ನನಗೇನೂ ಇಲ್ಲ.

ನಾನು ಕೆಲಸ ಕಲಿತದ್ದು ಶಹಾಬಾದಿನಲ್ಲಿ, ಅವ್ವನ ತಮ್ಮ ಹಣಮಂತ ಮಾಮಾನ ಅಂಗಡಿಯಲ್ಲಿ. ಅಲ್ಲಿ ಒಂದೇ ದೊಡ್ಡ ಕನ್ನಡಿ, ಎರಡು ಕಟ್ಟಿಗೆ ಕುರ್ಚಿ, ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟೋ. ಮೊದಲ ವರ್ಷ ನನಗೆ ಕತ್ತರಿ ಮುಟ್ಟಲು ಬಿಡಲಿಲ್ಲ. ನೀರು ತರುವುದು, ಕಾಸುವುದು, ಬ್ರಶ್ ತೊಳೆಯುವುದು, ಇಷ್ಟೇ. ಮಾಮಾ ಹೊಡೆಯುವ ಮನುಷ್ಯ ಅಲ್ಲ, ಆದರೆ ಮಾತಿನಲ್ಲೇ ಚರ್ಮ ಸುಲಿಯುತ್ತಿದ್ದ.

ಈ ಕಡೆಯ ನೀರಿನ ವಿಷಯ ತಿಳಿಯದೆ ಬ್ರಶ್ಶಿನ ವಿಷಯ ತಿಳಿಯುವುದಿಲ್ಲ. ನಮ್ಮ ನೆಲದ ಕೆಳಗೆಲ್ಲ ಸುಣ್ಣಗಲ್ಲು. ಬೋರಿನ ನೀರಿಗೆ ಸಾಬೂನು ತಿಕ್ಕಿದರೆ ನೊರೆ ಬರುವ ಬದಲು ಒಡೆದ ಹಾಲಿನಂತೆ ಬಿಳಿ ಚೂರು ತೇಲುತ್ತವೆ. ಅದೇ ನೀರಿನಲ್ಲಿ ದಿನಾ ಅದ್ದಿದ ಬ್ರಶ್ಶಿಗೆ ಕೂದಲಿನ ಬುಡದಲ್ಲಿ ಸುಣ್ಣ ಕಟ್ಟುತ್ತದೆ. ಮೇಲಿನಿಂದ ಕಾಣುವುದಿಲ್ಲ. ಬುಡ ಗಟ್ಟಿಯಾಗಿ, ಒಂದು ದಿನ ಕೂದಲು ಅಲ್ಲಿಂದಲೇ ಮುರಿದು ಗಿರಾಕಿಯ ಕೆನ್ನೆಗೆ ಅಂಟಿಕೊಳ್ಳುತ್ತವೆ. ನೀರು ಹೆಚ್ಚು ಕಾಸಿದಷ್ಟೂ ಸುಣ್ಣ ಹೆಚ್ಚು. ನಮ್ಮ ಕಾಸುವ ಪಾತ್ರೆಯ ತಳ ನೋಡಿದರೆ ಯಾರೋ ಒಳಗೆ ಗಿಲಾವು ಮಾಡಿದ್ದಾರೆ ಅನ್ನಿಸುತ್ತಿತ್ತು.

ಅದಕ್ಕೆ ಮಾಮಾ ನೊರೆ ಕಲೆಸಲಿಕ್ಕೆ ಬೇರೆ, ಕೈ ತೊಳೆಯಲಿಕ್ಕೆ ಬೇರೆ ನೀರು ಇಡುತ್ತಿದ್ದ. ನೊರೆಗೆ ಕಾಗಿಣಾ ಹೊಳೆಯ ನೀರೇ ಬೇಕು. ಕೊಡ ಹೊತ್ತು ತರುವವನು ನಾನು. ಮಂಗಳವಾರ ಅಂಗಡಿ ಬಂದ್. ಊರಿನ ಬೇರೆ ಕ್ಷೌರದವರೆಲ್ಲ ಅವತ್ತು ಮಲಗಿದರೆ ನಾವು ಬ್ರಶ್ಶುಗಳಿಗೆ ಲಿಂಬೆ ನೀರಿನ ಸ್ನಾನ ಮಾಡಿಸುತ್ತಿದ್ದೆವು. ಉಗುರುಬೆಚ್ಚಗಿನ ನೀರಿಗೆ ಲಿಂಬೆ ಹಿಂಡಿ, ಕೂದಲಷ್ಟೇ ಮುಳುಗುವಂತೆ ಹಿಡಿದು, ಬುಡಕ್ಕೆ ಬೆರಳಿನಿಂದ ತೀಡಬೇಕು. ಹಿಡಿಕೆಗೆ ನೀರು ಹೋಗಬಾರದು. ಆಮೇಲೆ ಹೊಳೆಯ ನೀರಿನಲ್ಲಿ ಜಾಲಿಸಿ, ಒಂದು ಸಲ ಕೊಡವಿ, ಮೊಳೆಗೆ ಕೂದಲು ಕೆಳಗಾಗಿ ತೂಗು ಹಾಕಬೇಕು. ನೆಟ್ಟಗೆ ನಿಲ್ಲಿಸಿದರೆ ನೀರೆಲ್ಲ ಬುಡಕ್ಕಿಳಿದು ಅಂಟು ಬಿಡುತ್ತದೆ.

ಬ್ರಶ್ಶುಗಳು ಹೈದರಾಬಾದಿನಿಂದ ಬರುತ್ತಿದ್ದವು, ಕುದುರೆ ಕೂದಲಿನವು. ಗಿರಾಕಿಗಳಲ್ಲಿ ಮುಸಲ್ಮಾನರೂ ಇದ್ದರು, ಲಿಂಗವಂತರೂ ಇದ್ದರು. ಹಂದಿ ಕೂದಲಿನ ಬ್ರಶ್ಶನ್ನು ಮಾಮಾ ಅಂಗಡಿಯ ಹೊಸ್ತಿಲು ದಾಟಿಸಲಿಲ್ಲ. "ಮಾರಿ ಕೊಟ್ಟು ಕುಂಡರ್ತಾರಪಾ ಮಂದಿ. ಅವರ ನಂಬಿಗಿಗೆ ಕೂದಲೆಳಿಯಷ್ಟೂ ಧಕ್ಕಿ ಆಗಬಾರದು" ಅನ್ನುತ್ತಿದ್ದ. ಮಾರಿ ಅಂದರೆ ನಮ್ಮ ಕಡೆ ಮುಖ.

ನನ್ನ ಜೊತೆ ಚಂದ್ರಾಮ ಅಂತ ಒಬ್ಬ ಕೆಲಸಕ್ಕಿದ್ದ. ಒಳ್ಳೆಯವನು, ಆದರೆ ಅವಸರದವನು. ಒಂದು ಚಳಿಗಾಲದ ಬೆಳಿಗ್ಗೆ ಗಿರಾಕಿಗಳ ಸಾಲು ಹೆಚ್ಚಾಗಿ, ನೀರು ಬೇರೆ ಬ್ರಶ್ ಬೇರೆ ಯಾಕೆ ಅಂತ ಬ್ರಶ್ ಇದ್ದ ಮಗ್ಗನ್ನೇ ಸ್ಟೋ ಮೇಲೆ ಇಟ್ಟುಬಿಟ್ಟ. ನೀರು ಕುದಿಯಿತು. ಕುರ್ಚಿಯಲ್ಲಿ ಪಾರ್ಸೆಲ್ ಆಫೀಸಿನ ಸಾಹೇಬರು, ಮೀಸೆಯ ಮೇಲೆ ಬಹಳ ಅಭಿಮಾನ ಇದ್ದವರು, ಕಣ್ಣು ಮುಚ್ಚಿ ಕೂತಿದ್ದರು. ಪುಣ್ಯಕ್ಕೆ ಚಂದ್ರಾಮ ಬ್ರಶ್ಶನ್ನು ತಣ್ಣೀರಿನಲ್ಲಿ ಒಮ್ಮೆ ಅದ್ದಿ ತೆಗೆದಿದ್ದ. ಸಾಬೂನು ಹಚ್ಚಿ ಕೆನ್ನೆಯ ಮೇಲೆ ಎರಡು ಸುತ್ತು ತಿರುಗಿಸಿದ. ಮೂರನೆಯದಕ್ಕೆ ಹಿಡಿಕೆ ಅವನ ಕೈಯಲ್ಲಿ ಉಳಿಯಿತು, ಕೂದಲಿನ ಗೊಂಚಲು ಸಾಹೇಬರ ಗದ್ದದ ಮೇಲೆ ನಿಂತಿತು. ಅವರು ಕಣ್ಣು ಬಿಟ್ಟು ಕನ್ನಡಿ ನೋಡಿದರು.

"ಹಣಮಂತ, ಇದೇನು ನನಗ ದಾಡಿ ತೆಗಿಲಿಕತ್ತೀರೋ ಹಚ್ಚಲಿಕತ್ತೀರೋ?" ಅಂದರು.

ಅಂಗಡಿಯೆಲ್ಲ ನಕ್ಕಿತು. ಮಾಮಾ ನಗಲಿಲ್ಲ. ಸಾಹೇಬರ ಮುಖ ತಾನೇ ತೊಳೆದು, ತಾನೇ ದಾಡಿ ಮಾಡಿ ಕಳಿಸಿದ ಮೇಲೆ ಚಂದ್ರಾಮನನ್ನು ಕರೆದ. "ಅಂಟು ಕರಗ್ತು, ಕೂದಲು ಸುಟ್ಟು ಕಟಕ್ ಆತು. ಅದಿರ್ಲಿ. ಆ ಬ್ರಶ್ ತಣ್ಣೀರಾಗ ಅದ್ದದ ಹಂಗೇ ಇಟ್ಟಿದ್ದಿ ಅಂದ್ರ ಅವರ ಮಾರಿ ಏನಾಗ್ತಿತ್ತು? ಬ್ರಶ್ ತಡ್ಕೊಳ್ಳಲಾರದ ನೀರು ಮನಷ್ಯಾರ ಮಾರಿ ತಡ್ಕೋತದೇನು?" ಅಂದ. ಇಷ್ಟು ವರ್ಷದಲ್ಲಿ ಬ್ರಶ್ಶಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಮಾಮಾ ಇನ್ನೊಂದು ರೂಢಿ ಕಲಿಸಿದ. ಯಾರಾದರೂ ತೀರಿಕೊಂಡರೆ, ಮುಖದ ಮೇಲೆ ದಾಡಿ ಬೆಳೆದಿದ್ದರೆ, ಮನೆಯವರು ನಮ್ಮನ್ನು ಕರೆಸುತ್ತಿದ್ದರು. ಸ್ನಾನಕ್ಕೆ ಮೊದಲು ಮುಖ ಹಸನು ಮಾಡಿಕೊಡಬೇಕು. ಆ ಮುಖಕ್ಕೆ ಹಿಡಿದ ಬ್ರಶ್ ಮತ್ತೆ ಅಂಗಡಿಗೆ ಬರಬಾರದು, ಬದುಕಿದವರ ಮುಖಕ್ಕೆ ಹತ್ತಬಾರದು. ಅಲ್ಲೇ ಹಿತ್ತಲ ತಿಪ್ಪೆಗೆ ಒಗೆದು, ಹಿಂದೆ ನೋಡದೆ ಬರಬೇಕು. ನಾನು ಎಷ್ಟೋ ಬ್ರಶ್ ಹಾಗೆ ಒಗೆದಿದ್ದೇನೆ. ಯಾವುದಕ್ಕೂ ಮರುಗಿದ್ದಿಲ್ಲ.

ಮದುವೆ ಆದ ಮೇಲೆ ವಾಡಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಜಂಕ್ಷನ್ ಊರು. ಒಂದು ಗಾಡಿ ಬಿಟ್ಟು ಇನ್ನೊಂದು ಹಿಡಿಯುವವರು, ಡ್ಯೂಟಿ ಇಳಿದ ರೈಲ್ವೆಯವರು, ಕಲ್ಲಿನ ಖಣಿಯವರು. ಖಣಿಯವರ ದಾಡಿ ಅಂದರೆ ಅದು ಬೇರೆ ಪಾಠ. ಕೂದಲಿನ ತುಂಬ ಕಲ್ಲಿನ ಪುಡಿ. ಕತ್ತಿ ಹಚ್ಚಿದರೆ ಕರಕರ ಅನ್ನುತ್ತಿತ್ತು. ಅವಸರ ಮಾಡಿದರೆ ಚರ್ಮ ಕಿತ್ತು ಬರುತ್ತದೆ. ನೀರು ಜಾಸ್ತಿ ಬಿಸಿ ಮಾಡಿದರೆ ಬೇಗ ಮೆತ್ತಗಾಗುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಹಾಗೆ ಆಗುವುದಿಲ್ಲ. ದಾಡಿ ಮೆತ್ತಗಾಗುವುದು ಬಿಸಿಯಿಂದಲ್ಲ, ಹೊತ್ತಿನಿಂದ. ಬೆಚ್ಚಗಿನ ನೀರು ಹಚ್ಚಿ, ಸಾಬೂನು ತಿಕ್ಕಿ, ಒಂದು ಮಾತು ಆಡಿ ಮುಗಿಸುವಷ್ಟು ಹೊತ್ತು ಬಿಟ್ಟು, ಮತ್ತೊಮ್ಮೆ ಬ್ರಶ್ ಆಡಿಸಬೇಕು. ಬ್ರಶ್ಶು ಒತ್ತಬಾರದು, ತುದಿಯಿಂದ ಸುತ್ತಬೇಕು. ನಾವು ಕ್ಷೌರದವರು ಮಾತುಗಾರರು ಅಂತ ಮಂದಿ ನಗುತ್ತಾರಲ್ಲ, ಅದು ಚಟ ಅಲ್ಲ. ನೊರೆ ನೆನೆಯಲಿಕ್ಕೆ ಹೊತ್ತು ಬೇಕು, ಆ ಹೊತ್ತಿಗೆ ಮಾತು ಬೇಕು.

ನೀರು ಎಷ್ಟು ಬಿಸಿ ಇರಬೇಕು ಅಂತ ಹೊಸಬರು ಕೇಳುತ್ತಾರೆ. ಕೂಸಿಗೆ ಎರೆಯುವ ನೀರಿಗಿಂತ ಹೆಚ್ಚು ಬೇಡ. ಹಾಗಾದರೆ ಅದನ್ನು ತಿಳಿಯುವುದು ಹೇಗೆ? ನಾನೂ ಬಹಳ ವರ್ಷ ಬೆರಳು ಅದ್ದಿ ತಿಳಿಯುತ್ತಿದ್ದೆ. ಬೆರಳು ನಂಬಬೇಡ ಅಂತ ಹೇಳಿಕೊಟ್ಟವರು ಕಾಳಗಿಯ ಒಬ್ಬ ಅಜ್ಜಿ.

ಹಳೆಯ ಗಿರಾಕಿಯೊಬ್ಬರ ಮಗಳ ಕೂಸಿನ ಜಾವಳಕ್ಕೆ ಕರೆದಿದ್ದರು. ಜಾವಳ ಅಂದರೆ ಕೂಸಿನ ಮೊದಲ ಕೂದಲು ತೆಗೆಯುವುದು, ಸೋದರಮಾವನ ತೊಡೆಯ ಮೇಲೆ. ಬೇಸಿಗೆ, ನೆತ್ತಿಯ ಮೇಲೆ ಸೂರ್ಯ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಮಾಳಿಗೆಯ ಮೇಲಿನ ಕರೀ ಟಾಕಿಯ ನೀರು ಮಧ್ಯಾಹ್ನಕ್ಕೆ ತಾನೇ ಕಾಯ್ದಿರುತ್ತದೆ, ಒಲೆ ಬೇಕಾಗುವುದಿಲ್ಲ. ಮನೆಯ ಸೊಸೆ ನಲ್ಲಿಯಿಂದ ಬೋಗುಣಿ ತುಂಬಿ ತಂದಳು. "ಬೆಚ್ಚಗ ಅದರಿ, ಕೈ ಅದ್ದಿ ನೋಡೀನಿ" ಅಂದಳು. ನಾನೂ ಬೆರಳು ಅದ್ದಿದೆ. ಬೆಚ್ಚಗೇ ಇತ್ತು. ಕೂಸಿನ ತಲೆಗೆ ಹಾಕಬೇಕು ಅನ್ನುವಷ್ಟರಲ್ಲಿ ಹೊಸ್ತಿಲ ಮೇಲೆ ಕೂತಿದ್ದ ಅಜ್ಜಿ, "ತಡೀರಿ, ಇತ್ತ ತರ್ರಿ" ಅಂದರು. ಸೀರೆಯ ಸೆರಗು ಸರಿಸಿ ಬೋಗುಣಿಗೆ ಮೊಣಕೈ ಇಟ್ಟು ಥಟ್ಟನೆ ತೆಗೆದರು.

"ಇದು ಕೂಸಿಗಿ ಹಾಕೋ ನೀರಲ್ಲ."

"ನಾ ನೋಡೀನಲ್ರಿ ಅತ್ತಿ" ಅಂದಳು ಸೊಸೆ.

"ನಿನ್ನ ಕೈ ದಿನಾ ಎಸರಿನ ಹಿಟ್ಟು ನಾದ್ತದ, ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸ್ತದ. ಅದಕ್ಕೇನು ಬಿಸಿ ಹತ್ತತದವ್ವ? ಈ ಅಣ್ಣನ ಕೈನೂ ಅಷ್ಟ, ದಿನಾ ಬಿಸಿನೀರಾಗ ಬಿದ್ದಿರ್ತದ. ಕೈ ಸುಳ್ಳು ಹೇಳ್ತದ. ಮೊಣಕೈ ಹೇಳಂಗಿಲ್ಲ."

ನಾನು ಮೊಣಕೈ ಇಟ್ಟು ನೋಡಿದೆ. ಚುರ್ ಅಂದಿತು. ಒಳಗಿನ ಮಣ್ಣಿನ ಗಡಿಗೆಯ ನೀರು ಬೆರೆಸಿ, ಅಜ್ಜಿಯ ಮೊಣಕೈ ಒಪ್ಪಿದ ಮೇಲೆ ಜಾವಳ ಆಯಿತು. ಕೂಸು ಅತ್ತಿತು, ಆದರೆ ಅದು ಎಲ್ಲ ಕೂಸುಗಳೂ ಅಳುವ ಅಳು. ಆವತ್ತಿನಿಂದ ಬೇಸಿಗೆಯಲ್ಲಿ ನಾನು ಅಂಗಡಿಯ ನೀರನ್ನು ನಸುಕಿನಲ್ಲೇ ಹಿಡಿದು ಗಡಿಗೆಯಲ್ಲಿ ತುಂಬಿಡುತ್ತಿದ್ದೆ. ಬಿಸಿ ಟವೆಲ್ ಹಾಕುವ ಮೊದಲು ಹಿಂಡಿ, ಬಿಚ್ಚಿ, ಒಮ್ಮೆ ಝಾಡಿಸಿ, ಮೊಣಕೈಯ ಒಳಮೈಗೆ ಹಿಡಿದು ನೋಡುತ್ತಿದ್ದೆ. ಹೊಸಬರು ಇದನ್ನು ನೋಡಿ, ಮಾಮಾ ಟವೆಲ್ಲಿಗೆ ಮುದ್ದು ಮಾಡಲಿಕತ್ತಾನ ಅಂತ ನಗುತ್ತಿದ್ದರು. ನಗಲಿ.

ಇನ್ನು ಕೆಲಸದ ರೀತಿ ಬದಲಾದದ್ದು. ಮಸೆಯುವ ಕತ್ತಿ ಹೋಗಿ ಅರ್ಧ ಬ್ಲೇಡ್ ಬಂತು. ರಕ್ತದಿಂದ ಹರಡುವ ರೋಗದ ಹೆದರಿಕೆ ಹಬ್ಬಿದಾಗ ಗಿರಾಕಿಗಳು ಬ್ಲೇಡ್ ತಮ್ಮೆದುರೇ ಬಿಚ್ಚಬೇಕು ಅನ್ನತೊಡಗಿದರು. ಅದು ಒಳ್ಳೆಯದೇ ಆಯಿತು. ಆಮೇಲೆ ಕಾಯಂ ಗಿರಾಕಿಗಳು ತಮ್ಮ ತಮ್ಮ ಬ್ರಶ್ ತಂದು ಅಂಗಡಿಯಲ್ಲಿ ಇಡತೊಡಗಿದರು. ಗೋಡೆಗೆ ಮೊಳೆ ಹೊಡೆದು ಅವನ್ನೆಲ್ಲ ತಲೆಕೆಳಗಾಗಿ ತೂಗು ಹಾಕಿದ್ದೆ. ಯಾವುದು ಯಾರದು ಅಂತ ಕೂದಲು ನೋಡಿ ಹೇಳುತ್ತಿದ್ದೆ. ಅಷ್ಟರಲ್ಲಿ ಡಬ್ಬಿಯ ನೊರೆ ಬಂತು, ಒತ್ತಿದರೆ ಬುಸ್ ಅಂತ ಬರುವಂಥದ್ದು. ಅದಕ್ಕೆ ಬ್ರಶ್ಶೂ ಬೇಡ, ಬೆಚ್ಚಗಿನ ನೀರೂ ಬೇಡ. ಕೊರೋನಾ ಬಂದಾಗ ಅಂಗಡಿ ಮುಚ್ಚಿತು. ತೆರೆದ ಮೇಲೆ ಯಾರೂ ಬ್ರಶ್ ಮುಟ್ಟಿಸಿಕೊಳ್ಳುವ ಹಾಗಿರಲಿಲ್ಲ. ಗೋಡೆಯ ಬ್ರಶ್ಶುಗಳನ್ನೆಲ್ಲ ತೆಗೆದು ಅವರವರ ಮನೆಗೆ ಕೊಟ್ಟುಬಂದೆ. ಕೆಲವರು ಬಾಗಿಲಲ್ಲೇ ಚಿಮಟಿಗೆಯಿಂದ ಹಿಡಿದು ತಗೊಂಡರು. ಖಾಲಿ ಮೊಳೆಗಳು ಇನ್ನೂ ಹಾಗೇ ಇವೆ, ರಾಜು ಅವಕ್ಕೆ ಚಾರ್ಜರ್ ವಯರ್ ತೂಗು ಹಾಕುತ್ತಾನೆ. ನೋಡಿ ನೋಡಿ ನನಗೆ ಬೇಸರವೂ ಬತ್ತಿಹೋಗಿದೆ.

ಹಾಗೆ ಬ್ರಶ್ ಮನೆಗೆ ಹೋದವರಲ್ಲಿ ಗುರುಪಾದಪ್ಪ ಮಾಸ್ತರ್ ಒಬ್ಬರು. ಚಿಂಚೋಳಿ, ಸೇಡಂ ಹತ್ತಿರದ ಮುಧೋಳ ಕಡೆಯ ಶಾಲೆಗಳಲ್ಲಿ ಕಲಿಸಿ, ಕೊನೆಗೆ ವಾಡಿಯಲ್ಲಿ ಮನೆ ಕಟ್ಟಿಕೊಂಡು ಮಗ ಸೊಸೆಯ ಜೊತೆ ಇದ್ದರು. ಮಗ ಸಿದ್ದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು, ಸೊಸೆ ಮಹಾದೇವಿ. ಮಾಸ್ತರ್ ಅಂಗಡಿಗೆ ಬಂದರೆ ಪೇಪರಿನ ಒಂದೊಂದು ಸುದ್ದಿಗೂ ನನ್ನ ಜೊತೆ ಜಗಳ. ಜಗಳ ಮಾಡಲಿಕ್ಕೆ ಅಂತಲೇ ದಾಡಿ ಬೆಳೆಸುತ್ತಾರೇನೋ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಅವರ ಬ್ರಶ್ಶೂ ನಾನೇ ತರಿಸಿಕೊಟ್ಟದ್ದು, ಕುದುರೆ ಕೂದಲಿನದು.

ಅವರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋದವು. ಮುಖದ ಎಡಭಾಗ ಜೋತುಬಿತ್ತು, ಅಲ್ಲಿ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಸಿದ್ದು ದಾಡಿಗೆ ಒಂದು ಮಶೀನ್ ತಂದ. ಗುರ್ ಅನ್ನುವ ಅದು ಮುಖದ ಹತ್ತಿರ ಬಂದರೆ ಮಾಸ್ತರ್ ಬಲಗೈಯಿಂದ ತಳ್ಳುತ್ತಿದ್ದರು. ದಾಡಿ ಬೆಳೆದು, ಎಡಗಡೆ ಜೊಲ್ಲು ಇಳಿದು, ಚರ್ಮ ಕೆಂಪಾಗಿ ಹುಣ್ಣಾಗತೊಡಗಿತು. ಮಹಾದೇವಿ ಅಂಗಡಿಗೆ ಬಂದಳು.

"ಕಾಕಾ, ಅವರು ನಿಮ್ಮ ಹೆಸರೇ ಹೇಳಲಿಕತ್ಯಾರ. ಬರ್ತೀರೇನ್ರಿ?"

ಹೋದೆ. ವಾರಕ್ಕೆ ಎರಡು ಸಲ ಹೋಗುವುದು ರೂಢಿಯಾಯಿತು. ಅರ್ಧ ಮುಖಕ್ಕೆ ಸ್ಪರ್ಶ ಇಲ್ಲದವರಿಗೆ ದಾಡಿ ಮಾಡುವುದು ಬಹಳ ಹುಷಾರಿನ ಕೆಲಸ. ನೀರು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಕತ್ತಿ ತಾಗಿದರೂ ಗೊತ್ತಾಗುವುದಿಲ್ಲ. ಅದಕ್ಕೆ ಬ್ರಶ್ಶನ್ನು ಮೊದಲು ಜೀವ ಇರುವ ಬಲಗೆನ್ನೆಗೆ ಹಚ್ಚಿ, "ಹೆಂಗದರಿ ಮಾಸ್ತರ್ರೆ?" ಅಂತ ಕೇಳಿ, ಅವರು ಹೂಂ ಅಂದ ಮೇಲೆ ಎಡಗಡೆ ಹೋಗಬೇಕು. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಕಾಯಿಲೆಯವರ ಮನೆಗೆ ಹೋಗುವ ಹೊಸಬರು ಇದೊಂದನ್ನಾದರೂ ನೆನಪಿಡಿ.

ನನಗೂ ಶುಗರ್ ಬಂದು ಬಹಳ ವರ್ಷ ಆಗಿತ್ತು. ಮೊದಲು ಪಾದ ಜೋಮು ಹಿಡಿಯಿತು. ನಿಂತು ಮಾಡುವ ಕೆಲಸ, ಇರುವುದೇ ಅಂದುಕೊಂಡೆ. ಆಮೇಲೆ ಬೆರಳ ತುದಿ. ಅಂಗಿಯ ಗುಂಡಿ ಹಾಕುವಾಗ ಗುಂಡಿ ಸಿಗುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಕ್ಷೌರದವನ ಬೆರಳು ಹೋಯಿತು ಅಂದರೆ ಏನು ಉಳಿಯಿತು? ಅಂಗಡಿಯಲ್ಲಿ ಕಣ್ಣು ಮಂಜು ಅಂತ ನೆಪ ಹೇಳಿ ದಾಡಿಯೆಲ್ಲ ರಾಜುವಿಗೆ ಬಿಟ್ಟೆ. ಮಾಸ್ತರರದು ಮಾತ್ರ ಬಿಡಲಿಲ್ಲ. ಕತ್ತಿ ಹಿಡಿಯುವುದಕ್ಕೆ ತೊಂದರೆ ಇರಲಿಲ್ಲ, ಆ ಹಿಡಿತ ಮಣಿಕಟ್ಟಿನಲ್ಲಿ ಇರುತ್ತದೆ. ನೀರು ನೋಡಲಿಕ್ಕೆ ಮೊಣಕೈ ಇತ್ತು. ಅಜ್ಜಿಯ ಮಾತು ನಡೆಯುತ್ತಿತ್ತು.

ಒಂದು ದಿನ ಮಹಾದೇವಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮೊಣಕೈ ಇಟ್ಟೆ, ಸರಿ ಅನ್ನಿಸಿತು. ಬ್ರಶ್ ನೆನೆಸಿ, ಹಿಂಡಿ, ಬಲಗೆನ್ನೆಗೆ ಹಚ್ಚಿದೆ. ಮಾಸ್ತರ್ ಹಾ ಅಂದು ಮುಖ ತಿರುಗಿಸಿ ನನ್ನ ಕೈ ತಳ್ಳಿದರು. ಕೆನ್ನೆ ಕೆಂಪಗಾಯಿತು. ಗುಳ್ಳೆ ಏಳುವಷ್ಟಲ್ಲ, ಆದರೆ ಅದೇ ಬ್ರಶ್ಶನ್ನು ಎಡಗಡೆ ಹಚ್ಚಿ ಒತ್ತಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಮತ್ತೆ ಮೊಣಕೈ ಇಟ್ಟೆ. ಬೆಚ್ಚಗೆ ಅಂತಲೇ ಹೇಳಿತು. ಮೊಣಕೈಯೂ ಸುಳ್ಳು ಹೇಳಲಿಕ್ಕೆ ಶುರು ಮಾಡಿತ್ತು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಭಯ ಆಯಿತು. ಅಷ್ಟು ಭಯ ನನಗೆ ಶುಗರ್ ಬಂದಾಗಲೂ ಆಗಿರಲಿಲ್ಲ.

"ಮಾಸ್ತರ್ರೆ, ನನ್ನ ಕೈ ಹೋಗ್ಯಾವ. ಬಿಸಿ ತಿಳಿವಲ್ದು. ನಾಳಿಂದ ರಾಜು ಬರ್ತಾನ."

ಮಾಸ್ತರ್ ನನ್ನ ಕೈ ನೋಡಿದರು. ಅವರ ಒಂದು ಮಾತು ಹೊರಗೆ ಬರಲಿಕ್ಕೆ ಆಗ ತುಂಬ ಶ್ರಮ ಬೇಕಿತ್ತು. "ರಾಜು ಬ್ಯಾಡ" ಅಂದರು. ಸೊಟ್ಟ ಬಾಯಿಯಲ್ಲಿ ನಕ್ಕರು. "ನಂದು ಅರ್ಧ ಮಾರಿ ಸತ್ತದ. ನಿಂದು ಕೈ ಸತ್ತದ. ಇಬ್ಬರೂ ಕೂಡಿದ್ರ ಒಬ್ಬ ಮನಷ್ಯಾ ಆಗ್ತೀವೋ ಶರಣಪ್ಪ. ಹಚ್ಚು."

ಅವತ್ತಿನಿಂದ ನೀರು ನೋಡುವ ಕೆಲಸ ಅವರದಾಯಿತು. ಮಹಾದೇವಿಗೆ ಮೊಣಕೈ ಇಟ್ಟು ನೋಡುವುದು ಹೇಳಿಕೊಟ್ಟೆ. "ಕೈ ಬ್ಯಾಡವ್ವ, ರೊಟ್ಟಿ ಬಡಿಯೋ ಕೈ ನಿಂದು" ಅಂದೆ. ಅವಳು ಸರಿ ಅಂದ ನೀರಿನಲ್ಲಿ ಬ್ರಶ್ ಅದ್ದಿ, ನಾನು ಬಲಗೆನ್ನೆಗೆ ತುದಿ ಮುಟ್ಟಿಸಿ ಕಾಯುತ್ತಿದ್ದೆ. ಸರಿ ಇದ್ದರೆ ಮಾಸ್ತರ್ ಬಲಗೈ ಬೆರಳಿನಿಂದ ಕುರ್ಚಿಯ ಕೈಯನ್ನು ಟಕ್ ಅಂತ ತಟ್ಟುತ್ತಿದ್ದರು. ಬಿಸಿ ಇದ್ದರೆ ಅಂಗೈ ಎತ್ತುತ್ತಿದ್ದರು, ಶಾಲೆಯಲ್ಲಿ ಗದ್ದಲ ಮಾಡುವವರನ್ನು ಸುಮ್ಮನಿರಿಸುವ ಹಾಗೆ. ಟಕ್ ಅಂದ ಮೇಲೇ ನಾನು ಎಡಗಡೆ ಹೋಗುವುದು. ಕೆಲಸ ಮುಗಿದ ಮೇಲೆ ಬ್ರಶ್ ತೊಳೆದು ಅವರ ಕಿಟಕಿಯ ಪಕ್ಕದ ಮೊಳೆಗೆ ಹಾಕುತ್ತಿದ್ದೆ. ಮಂಗಳವಾರ ಲಿಂಬೆ ನೀರಿನಲ್ಲಿ ತೊಳೆಯುವುದನ್ನು ಮಹಾದೇವಿ ತಾನೇ ಕಲಿತಳು. ನನ್ನ ಕೈಯ ವಿಷಯ ಆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಒಂದು ಕೆಲಸ ಉಳಿದಿದೆ ಅನ್ನುವ ಸಮಾಧಾನ ನನಗೆ ಇತ್ತು. ವಾರದ ಉಳಿದ ದಿನಗಳು ಬಹಳ ಉದ್ದ ಅನ್ನಿಸುತ್ತಿದ್ದವು.

ಹಿಂದಿನ ಚಳಿಗಾಲದಲ್ಲಿ ಮಾಸ್ತರರಿಗೆ ಜ್ವರ ಬಂತು. ಜ್ವರ ಇಳಿಯಲಿ, ಆಮೇಲೆ ದಾಡಿ ಅಂದೆ. ಇಳಿಯಲಿಲ್ಲ. ಒಂದು ಬೆಳಿಗ್ಗೆ ಸಿದ್ದು ಫೋನ್ ಮಾಡಿ, "ಕಾಕಾ, ಅಪ್ಪ ಹೋದರು" ಅಂದ. ಆಮೇಲೆ, "ಮಾರಿ ಹಸನು ಮಾಡಬೇಕಾಗಿತ್ತು" ಅಂದ.

ಹೋದಾಗ ಅಂಗಳ ತುಂಬ ಮಂದಿ. ನಮ್ಮ ಕಡೆಯ ರೂಢಿಯಂತೆ ಮಾಸ್ತರರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಊರಿನಿಂದ ಬಂದಿದ್ದ ಅವರ ಅಣ್ಣತಮ್ಮಂದಿರಲ್ಲಿ ಹಿರಿಯರೊಬ್ಬರು, "ಹೊತ್ತಾಗ್ತದ, ಮಶೀನ್ ಹಚ್ಚಿ ಮುಗಸ್ರಿ" ಅನ್ನುತ್ತಿದ್ದರು. ಮಹಾದೇವಿ, "ಮಾವಗ ಮಶೀನ್ ಸೇರ್ತಿದ್ದಿಲ್ರಿ" ಅಂದಳು. ಹಿರಿಯರು ಮಶೀನಿನ ಮಾತು ಬಿಟ್ಟರು. ಯಾರೋ ತಂಬಿಗೆಯಲ್ಲಿ ನಲ್ಲಿಯ ನೀರು ತಂದು ನನ್ನ ಮುಂದೆ ಇಟ್ಟರು. ಚಳಿಗಾಲದ ಟಾಕಿಯ ನೀರು. ನನ್ನ ಬೆರಳಿಗೆ ತಿಳಿಯದಿದ್ದರೂ ತಂದವರು ಚಳಿಗೆ ಕೈ ಉಜ್ಜಿಕೊಂಡದ್ದು ಕಾಣುತ್ತಿತ್ತು.

"ಮಾದೇವಿ, ನೀರು ಕಾಸವ್ವ" ಅಂದೆ.

"ಇನ್ನ ಬಿಸಿ ಯಾಕ್ರಿ? ಅವರಿಗೇನು ಗೊತ್ತಾಗ್ತದ?" ಅಂದರು ಹಿರಿಯರು. ಅವರ ತಪ್ಪೇನಿಲ್ಲ. ಮಣ್ಣು ಮಾಡುವ ಹೊತ್ತು ಗೊತ್ತು ಮಾಡಿ ಆಗಿತ್ತು, ಮಂದಿ ಕಾಯುತ್ತಿದ್ದರು. ಮಹಾದೇವಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಬಂದಾಗ ನನ್ನೆದುರೇ ಸೆರಗು ಸರಿಸಿ, ಮೊಣಕೈ ಇಟ್ಟು ನೋಡಿ, "ಸರಿ ಅದರಿ ಕಾಕಾ" ಅಂದಳು.

ಬ್ರಶ್ ಮೊಳೆಯ ಮೇಲೇ ಇತ್ತು. ತೆಗೆದು ನೆನೆಸಿದೆ, ಹಿಂಡಿದೆ, ಸಾಬೂನು ಹಚ್ಚಿ ನೊರೆ ಮಾಡಿದೆ. ಬಲಗೆನ್ನೆಗೆ ತುದಿ ಮುಟ್ಟಿಸಿದೆ. ಮುಟ್ಟಿಸಿ, ಕಾದೆ. ಬೇಕಂತ ಕಾದದ್ದಲ್ಲ, ಕೈ ತಾನೇ ನಿಂತಿತು. ಹಿಂದೆ ಯಾರೋ, "ಮುದುಕಗ ಆಗವಲ್ದು, ಯಾರರೆ ಹಿಡೀರಿ" ಅಂದರು. ಮಾಸ್ತರರ ಬಲಗೈ ತೊಡೆಯ ಮೇಲೆ ಹಾಗೇ ಇತ್ತು. ಇನ್ನು ನನಗೆ ಹೇಳುವವರು ಯಾರೂ ಇಲ್ಲ ಅನ್ನುವುದು ಆಗ ತಿಳಿಯಿತು. ಎಡಗಡೆ ಹೋದೆ. ಅವರ ಮುಖದ ಎರಡೂ ಕಡೆ ಅವತ್ತು ಒಂದೇ ಆಗಿತ್ತು. ಒಂದು ಗೀರೂ ಬೀಳದ ಹಾಗೆ ದಾಡಿ ಮಾಡಿದೆ. ಅದೇ ನಾನು ಮಾಡಿದ ಕೊನೆಯ ದಾಡಿ.

ಮುಗಿದ ಮೇಲೆ ಅವರನ್ನು ಸ್ನಾನಕ್ಕೆ ಎತ್ತಿಕೊಂಡು ಹೋದರು. ನಾನು ಬ್ರಶ್ ಹಿಡಿದು ಹಿತ್ತಲಿಗೆ ಹೋದೆ. ಮಾಮಾ ಕಲಿಸಿದ ರೂಢಿ, ಒಗೆದು ಹಿಂದೆ ನೋಡದೆ ಬರಬೇಕು. ತಿಪ್ಪೆಯ ಎದುರು ನಿಂತೆ. ಕೂದಲಿನಲ್ಲಿ ನೊರೆ ಇತ್ತು, ನೀರು ಬುಡಕ್ಕೆ ಇಳಿಯುತ್ತಿತ್ತು. ನನ್ನಿಂದ ಆಗಲಿಲ್ಲ. ವಾಪಸು ಬಂದು ತಂಬಿಗೆಯಲ್ಲಿ ಉಳಿದ ನೀರಿನಲ್ಲಿ ಜಾಲಿಸಿದೆ, ಬುಡಕ್ಕೆ ಬೆರಳು ಆಡಿಸಿ ಸಾಬೂನು ಬಿಡಿಸಿದೆ, ಒಮ್ಮೆ ಕೊಡವಿದೆ. ಕಿಟಕಿಯ ಪಕ್ಕದ ಮೊಳೆಗೆ, ಕೂದಲು ಕೆಳಗಾಗಿ ತೂಗು ಹಾಕಿದೆ.

ತಿರುಗಿದರೆ ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು. ಆ ರೂಢಿ ಅವಳಿಗೂ ಗೊತ್ತು. ಬ್ರಶ್ಶಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಇರಲಿ ಬಿಡ್ರಿ ಕಾಕಾ" ಅಂದಳು. "ಒಣಗಲಿ."